ಬೈಪೋಲಾರ್‌ಗೆ ಮಾತ್ರೆ ಜೊತೆ ಥೆರಪಿ: ಹುಷಾರಾಗಿರೋವಾಗ್ಲೇ ಮಾಡ್ಕೋಬೇಕಾದ ಕೆಲಸಗಳು

ನಮ್ಮನೆ ಮಹಡಿ ಮೇಲೆ 60 ಪ್ಲಾಸ್ಟಿಕ್ ಚೇರ್ ಇದಾವೆ, ಎಲ್ಲಾ ಕೆಂಪು. ನಂಗೆ ಬೈಪೋಲಾರ್ ಇದೆ, ಅಂದ್ರೆ ಮೂಡ್ ಒಮ್ಮೆ ಮಿತಿಮೀರಿ ಏರತ್ತೆ, ಅದು ಮೇನಿಯಾ, ಒಮ್ಮೆ ತೀರಾ ಇಳಿಯತ್ತೆ, ಅದು ಡಿಪ್ರೆಶನ್. ನಾನು ಎರಡನೇ ಸಲ ಮೇನಿಯಾದಲ್ಲಿದ್ದಾಗ ಟ್ಯೂಷನ್ ಸೆಂಟರ್ ತೆಗೀತೀನಿ ಅಂತ ಒಂದೇ ದಿನ ತಂದು ಹಾಕ್ಸಿದ್ದು, ಮೂರು ದಿನದಿಂದ ಸರಿಯಾಗಿ ಮಲಗೇ ಇರ್ಲಿಲ್ಲ, ಆದ್ರೂ ಜೀವನದಲ್ಲಿ ಇಷ್ಟು ಆರಾಮಾಗಿ ಯಾವತ್ತೂ ಇರ್ಲಿಲ್ಲ ಅನ್ನಿಸ್ತಿತ್ತು. ಅದಕ್ಕೆ ಐದು ತಿಂಗಳು ಮುಂಚೆ ಮಾತ್ರೆ ಬಿಟ್ಟಿದ್ದೆ. ಯಾಕೆ ಬಿಟ್ಟೆ? ಹುಷಾರಾಗಿದ್ದೆ ಅಂತ. ಅಷ್ಟೇ ಕಾರಣ. ತಲೆನೋವು ಹೋದ್ಮೇಲೆ ತಲೆನೋವಿನ ಮಾತ್ರೆ ಯಾಕೆ ಅನ್ನೋ ಲೆಕ್ಕ.

ಈ ಕಾಯಿಲೆಯಲ್ಲಿ ಜನ ಎಡವೋದು ಜಾಸ್ತಿ ಇಲ್ಲೇ. ಜೋರಾದಾಗ ಮನೆಯವರೆಲ್ಲಾ ಸೇರಿ ಆಸ್ಪತ್ರೆಗೆ ಓಡ್ತೀವಿ, ಇಳಿದ ಮೇಲೆ ಉಸ್ಸಪ್ಪಾ ಅಂತ ಕೂತ್ಕೋತೀವಿ, ಆಮೇಲೆ ಆ ವಿಷಯನೇ ಯಾರೂ ಎತ್ತಲ್ಲ, ಎತ್ತಿದ್ರೆ ಮತ್ತೆ ಬಂದ್ಬಿಡತ್ತೇನೋ ಅನ್ನೋ ಹಂಗೆ. ಆದ್ರೆ ಮತ್ತೆ ಬರದಂಗೆ ನೋಡ್ಕೊಳ್ಳೋ ಕೆಲಸ ಎಲ್ಲಾ ಮಾಡೋಕೆ ಆಗೋದು ಆ ಸುಮ್ಮನಿರೋ ಟೈಮಲ್ಲೇ. ಮೇನಿಯಾದಲ್ಲಿದ್ದಾಗ ಥೆರಪಿಸ್ಟ್ ಹತ್ರ ಕೂತ್ರೆ ನೀವೇ ಅವರಿಗೆ ಪಾಠ ಮಾಡ್ತೀರ, ತೀರಾ ಡಿಪ್ರೆಶನ್ನಲ್ಲಿ ಕೂತ್ರೆ ಬಾಯೇ ಬಿಡಲ್ಲ. ಹಂಗಾಗಿ ಇದು ಡಯಾಗ್ನೋಸಿಸ್ ಆಗಿ, ಮಾತ್ರೆ ಶುರುವಾಗಿ, ಈಗ ಒಂದು ಮಟ್ಟಕ್ಕೆ ನೆಟ್ಟಗಿರೋರಿಗೆ ಮತ್ತೆ ಅವರ ಮನೆಯವರಿಗೆ ಬರೀತಿರೋದು. ಈಗ ಏರ್ತಾ ಇದೀರ, ಇಲ್ಲಾ ಸಾಯ್ಬೇಕು ಅನ್ನೋ ಯೋಚನೆ ಬರ್ತಿದೆ ಅಂದ್ರೆ ಇದನ್ನ ಪಕ್ಕಕ್ಕಿಟ್ಟು ಮೊದಲು ಡಾಕ್ಟ್ರ ಹತ್ರ ಹೋಗಿ, ಅರ್ಧ ರಾತ್ರಿಯಾದ್ರೆ 14416ಕ್ಕೆ ಫೋನ್ ಮಾಡಿ, ಅದು ಟೆಲಿ ಮಾನಸ್, ಸರ್ಕಾರದ್ದು, ದುಡ್ಡಿಲ್ಲ, 24 ಗಂಟೆನೂ ಇರತ್ತೆ, ಕನ್ನಡದಲ್ಲೇ ಮಾತಾಡಬಹುದು.

ನಾನು ಡಾಕ್ಟ್ರಲ್ಲ, ಹೈಸ್ಕೂಲ್ ಮೇಷ್ಟ್ರು. ಹನ್ನೊಂದು ವರ್ಷದಿಂದ ಈ ಕಾಯಿಲೆ ಜೊತೆ ಸಂಸಾರ ಮಾಡ್ತಿದೀನಿ, ಅದರ ಅನುಭವ ಮತ್ತೆ ಓದಿದ್ದು ಎರಡೂ ಸೇರಿಸಿ ಹೇಳ್ತೀನಿ, ಮಾತ್ರೆ ಡೋಸ್ ವಿಷಯಕ್ಕೆ ಮಾತ್ರ ನಿಮ್ಮ ಡಾಕ್ಟ್ರೇ ಕೊನೆ ಮಾತು.

ಮಾತ್ರೆ ಇದ್ಮೇಲೆ ಮಾತು ಯಾಕೆ

ಲಿಥಿಯಂ ಮೇನಿಯಾಗೆ ಕೆಲಸ ಮಾಡತ್ತೆ ಅಂತ ಆಸ್ಟ್ರೇಲಿಯಾದ ಜಾನ್ ಕೇಡ್ ಅನ್ನೋ ಡಾಕ್ಟ್ರು ಬರೆದಿದ್ದು 1949ರಲ್ಲಿ, ಇವತ್ತಿಗೂ ಅದನ್ನ ಮೀರಿಸೋ ಮಾತ್ರೆ ಬಂದಿಲ್ಲ ಅಂತಾನೇ ಸುಮಾರು ಡಾಕ್ಟ್ರು ಹೇಳೋದು. ವಾಲ್ಪ್ರೊಯೇಟ್, ಲ್ಯಾಮೋಟ್ರಿಜಿನ್, ಕ್ವೆಟಿಯಾಪಿನ್, ಓಲಾಂಜಪಿನ್ ಇವೆಲ್ಲಾ ಆಮೇಲೆ ಬಂದ್ವು. ಮಾತ್ರೆ ಇಲ್ದೆ ಬರೀ ಥೆರಪಿ ಅಂದ್ರೆ ಅಡಿಪಾಯ ಇಲ್ದೆ ಗೋಡೆ ಕಟ್ಟಿದಂಗೆ, ಅದರಲ್ಲಿ ಚರ್ಚೆನೇ ಬೇಡ. ನಾನು ಕೆಳಗೆ ಹೇಳೋ ಎಲ್ಲಾ ಸ್ಟಡಿಗಳಲ್ಲೂ ಜನ ಮಾತ್ರೆ ತಗೋತಾನೇ ಥೆರಪಿ ಮಾಡಿದ್ದು.

ಆದ್ರೆ ಮಾತ್ರೆ ಒಂದೇ ಸಾಕಾ ಅಂದ್ರೆ ಅದೂ ಇಲ್ಲ. ಅಮೆರಿಕದ ಲಾಸ್ ಏಂಜಲೀಸಲ್ಲಿ 82 ಜನರನ್ನ ವರ್ಷಗಟ್ಟಲೆ ನೋಡಿ 1995ರಲ್ಲಿ ಬರೆದ್ರು, ಬಿಡದೆ ಟ್ರೀಟ್ಮೆಂಟ್ ತಗೋತಿದ್ರೂ ಐದು ವರ್ಷದಲ್ಲಿ ಮತ್ತೆ ಮರುಕಳಿಸೋ ಚಾನ್ಸು 73% ಇತ್ತು ಅಂತ. ಇದನ್ನ ಓದಿ ನಾನು ಒಂದು ವಾರ ಮಂಕಾಗಿದ್ದೆ, ನೀವು ಹಂಗಾಗ್ಬೇಡಿ, ಯಾಕಂದ್ರೆ ಇನ್ನೊಂದು ಕಡೆ ಲೆಕ್ಕನೂ ಇದೆ. ಸ್ಪೇನಿನ ಬಾರ್ಸಿಲೋನಾದಲ್ಲಿ ಕೋಲೋಮ್, ವಿಯೆಟಾ ಅನ್ನೋರು 120 ಜನರನ್ನ ಎರಡು ಗುಂಪು ಮಾಡಿದ್ರು. ಎಲ್ಲರೂ ಮಾತ್ರೆ ಮೇಲಿದ್ದೋರು, ಕನಿಷ್ಠ ಆರು ತಿಂಗಳಿಂದ ಹುಷಾರಾಗಿದ್ದೋರು. ಒಂದು ಗುಂಪಿಗೆ 21 ಕ್ಲಾಸು, ಒಂದೊಂದೂ ಒಂದೂವರೆ ಗಂಟೆ, ಕಾಯಿಲೆ ಅಂದ್ರೇನು, ಮಾತ್ರೆ ಯಾಕೆ, ಮುನ್ಸೂಚನೆ ಹೇಗೆ ಹಿಡಿಯೋದು, ನಿದ್ದೆ, ಕುಡಿತ, ಎಲ್ಲಾ. ಇನ್ನೊಂದು ಗುಂಪೂ ಅಷ್ಟೇ ಸಲ ಸೇರಿತು, ಆದ್ರೆ ಪಾಠ ಇಲ್ಲ, ಸುಮ್ನೆ ಕೂತು ಮಾತಾಡೋದು. ಐದು ವರ್ಷ ಆದ್ಮೇಲೆ ನೋಡಿದ್ರೆ ಪಾಠ ಕೇಳಿದೋರು ಕಾಯಿಲೆಯಲ್ಲಿ ಕಳೆದ ದಿನ ಸರಾಸರಿ 154, ಪಾಠ ಇಲ್ದೋರು 586. ಮೇಷ್ಟ್ರಾಗಿ ನಂಗೆ ಇದಕ್ಕಿಂತ ಖುಷಿ ಕೊಡೋ ಸುದ್ದಿ ಬೇರೆ ಇಲ್ಲ, ಕ್ಲಾಸಿಗೆ ಬರೀ ಹಾಜರಾದ್ರೆ ಸಾಲ್ದು ಪಾಠನೂ ನಡೀಬೇಕು ಅಂತ ಪ್ರೂಫ್ ಸಿಕ್ತಲ್ಲ!

ಯಾರ ಹತ್ರ ಹೋಗೋದು

ಸೈಕಿಯಾಟ್ರಿಸ್ಟ್ ಮಾತ್ರೆ ಬರೀತಾರೆ, ಥೆರಪಿ ಮಾಡೋದು ಸಾಮಾನ್ಯವಾಗಿ ಕ್ಲಿನಿಕಲ್ ಸೈಕಾಲಜಿಸ್ಟು, ಕೆಲವು ಕಡೆ ಸೈಕಿಯಾಟ್ರಿಕ್ ಸೋಶಿಯಲ್ ವರ್ಕರು. ಬೋರ್ಡಲ್ಲಿ ಕೌನ್ಸೆಲರ್ ಅಂತ ಹಾಕ್ಕೊಂಡೋರೆಲ್ಲಾ ಇದಕ್ಕೆ ಆಗಲ್ಲ, ರಿಹ್ಯಾಬಿಲಿಟೇಶನ್ ಕೌನ್ಸಿಲ್ ಆಫ್ ಇಂಡಿಯಾದಲ್ಲಿ ಕ್ಲಿನಿಕಲ್ ಸೈಕಾಲಜಿಸ್ಟ್ ಅಂತ ರಿಜಿಸ್ಟರ್ ಆಗಿದಾರಾ ಕೇಳಿ, ಕೇಳೋದ್ರಲ್ಲಿ ನಾಚಿಕೆ ಏನಿಲ್ಲ. ಬೆಂಗಳೂರಲ್ಲಿ ನಿಮ್ಹಾನ್ಸ್, ಧಾರವಾಡದಲ್ಲಿ ಡಿಮ್ಹಾನ್ಸ್ ಇದಾವೆ, ಜಿಲ್ಲಾ ಆಸ್ಪತ್ರೆಗಳಲ್ಲಿ ಡಿಸ್ಟ್ರಿಕ್ಟ್ ಮೆಂಟಲ್ ಹೆಲ್ತ್ ಪ್ರೋಗ್ರಾಮಿನ ಟೀಮ್ ಇರತ್ತೆ. ಈ ಪ್ರೋಗ್ರಾಮಿನ ಮಾಡೆಲ್ ಹುಟ್ಟಿದ್ದೇ ನಮ್ಮ ಬಳ್ಳಾರಿಯಲ್ಲಿ, 1985ರಲ್ಲಿ ನಿಮ್ಹಾನ್ಸ್‌ನೋರು ಅಲ್ಲಿ ಶುರು ಮಾಡಿದ್ದನ್ನೇ ಆಮೇಲೆ ದೇಶಕ್ಕೆಲ್ಲಾ ಹಬ್ಬಿಸಿದ್ದು. ತಾಲೂಕು ಕಡೆ ಥೆರಪಿ ಮಾಡೋರು ಸಿಗೋದು ಕಷ್ಟ, ನಿಜ. ಹಂಗಿದ್ರೆ ತಿಂಗಳಿಗೊಂದು ಸಲ ಬಸ್ ಹತ್ತಿ ಹೋಗಿ, ಮಧ್ಯೆ ವೀಡಿಯೋ ಕಾಲಲ್ಲಿ ನಡೆಸಿ, ನಾನು ಒಂದು ವರ್ಷ ಹಂಗೇ ಮಾಡಿದ್ದು, ಸ್ಕೂಲ್ ಲ್ಯಾಬಲ್ಲಿ ಬಾಗಿಲು ಹಾಕ್ಕೊಂಡು.

ಮೊದಲನೇ ದಿನವೇ ಮೂರು ವಿಷಯ ಕೇಳಿ. ಬೈಪೋಲಾರ್ ಇರೋರನ್ನ ನೋಡಿದೀರಾ? ನಾನು ಏರ್ತಿದೀನಿ ಅಂತ ನಿಮಗೆ ಅನ್ಸಿದ್ರೆ ಏನ್ ಮಾಡ್ತೀರ? ನನ್ನ ಡಾಕ್ಟ್ರ ಜೊತೆ ಮಾತಾಡ್ತೀರಾ? ಮೂರನೇದಕ್ಕೆ ಹೌದು ಅನ್ಲಿಲ್ಲ ಅಂದ್ರೆ ಬೇರೆಯವರನ್ನ ಹುಡುಕಿ. ನಾನು ಮೊದಲು ಹೋಗಿದ್ದ ಒಬ್ಬರು ಎರಡನೇ ಸಿಟಿಂಗಲ್ಲೇ ನಿಮಗೆ ಇಷ್ಟು ಮಾತ್ರೆ ಬೇಕಾಗಿಲ್ಲ ಅನ್ಸತ್ತೆ, ಪ್ರಾಣಾಯಾಮ ಸಾಕು ಅಂದಿದ್ರು. ಪ್ರಾಣಾಯಾಮಕ್ಕೆ ನಂದೇನೂ ತಕರಾರಿಲ್ಲ, ಬೆಳಿಗ್ಗೆ ಈಗಲೂ ಮಾಡ್ತೀನಿ. ಆದ್ರೆ ಬೈಪೋಲಾರ್ ಇರೋರಿಗೆ ಮಾತ್ರೆ ಬಿಡಿ ಅನ್ನೋ ಥೆರಪಿಸ್ಟ್ ಹತ್ರ ಎದ್ದು ಬರೋದಷ್ಟೇ ಕೆಲಸ.

ಬೇಗ ಶುರು ಮಾಡೋದಕ್ಕೂ ಅರ್ಥ ಇದೆ. ಬ್ರಿಟನ್ನಲ್ಲಿ 253 ಜನರ ಮೇಲೆ ಸಿಬಿಟಿ, ಅಂದ್ರೆ ಯೋಚನೆ ಮತ್ತೆ ನಡವಳಿಕೆ ಮೇಲೆ ಕೆಲಸ ಮಾಡೋ ಥೆರಪಿ, ಟೆಸ್ಟ್ ಮಾಡಿ 2006ರಲ್ಲಿ ರಿಪೋರ್ಟ್ ಕೊಟ್ರು. ಒಟ್ಟಾರೆ ಲೆಕ್ಕದಲ್ಲಿ ಏನೂ ಉಪಯೋಗ ಕಾಣ್ಲಿಲ್ಲ, ಆದ್ರೆ ಬಿಡಿಸಿ ನೋಡಿದಾಗ ಹಿಂದೆ 12ಕ್ಕಿಂತ ಕಮ್ಮಿ ಸಲ ಕಾಯಿಲೆ ಬಂದಿದ್ದೋರಿಗೆ ಉಪಯೋಗ ಆಗಿತ್ತು. ಅಂದ್ರೆ ಎರಡನೇದೋ ಮೂರನೇದೋ ಆದ್ಮೇಲೆ ನೋಡೋಣ ಅಂತ ಕಾಯೋದು ಬುದ್ಧಿವಂತಿಕೆ ಅಲ್ಲ.

ಮೊದಲ ಕೆಲಸ: ಐದು ಟೈಮು ಬರೆದಿಡೋದು

ಥೆರಪಿಯಲ್ಲಿ ನಂಗೆ ಅತೀ ಹೆಚ್ಚು ಉಪಯೋಗ ಆಗಿದ್ದು ಯಾವುದು ಅಂತ ಕೇಳಿದ್ರೆ ದೊಡ್ಡ ದೊಡ್ಡ ಮಾತುಕತೆ ಯಾವುದೂ ಅಲ್ಲ, ಒಂದು ಚಾರ್ಟು. ಪಿಟ್ಸ್‌ಬರ್ಗಿನ ಎಲೆನ್ ಫ್ರಾಂಕ್ ಅನ್ನೋರು ಮಾಡಿದ ಥೆರಪಿ ಇದೆ, ದಿನಚರಿ ಥೆರಪಿ ಅಂತಿಟ್ಕೊಳಿ. ಅದರ ಹಿಂದಿನ ಯೋಚನೆ ಏನಂದ್ರೆ, ನಮ್ಮ ಮೈಯೊಳಗಿನ ಗಡಿಯಾರ ಸೂಕ್ಷ್ಮ, ಊಟ ನಿದ್ದೆ ಜನ ಕೆಲಸ ಇವುಗಳ ಹೊತ್ತು ಏರುಪೇರಾದ್ರೆ ಗಡಿಯಾರ ತಪ್ಪತ್ತೆ, ಗಡಿಯಾರ ತಪ್ಪಿದ್ರೆ ಮೂಡ್ ಎಗರತ್ತೆ.

ಚಾರ್ಟಲ್ಲಿ ದಿನಕ್ಕೆ ಐದೇ ಐದು ಟೈಮ್ ಬರೀಬೇಕು. ಹಾಸಿಗೆ ಬಿಟ್ಟು ಎದ್ದಿದ್ದು, ಮೊದಲು ಯಾರನ್ನಾದ್ರೂ ಮಾತಾಡ್ಸಿದ್ದು, ಕೆಲಸ ಶುರು ಮಾಡಿದ್ದು, ಅದು ಆಫೀಸೋ ಮನೆಕೆಲಸವೋ ತೋಟದ ಕೆಲಸವೋ ಯಾವುದಾದ್ರೂ ಸರಿ, ಆಮೇಲೆ ರಾತ್ರಿ ಊಟ, ಮಲಗಿದ್ದು. ಪ್ರತಿಯೊಂದಕ್ಕೂ ನಿಮ್ಮದೇ ಒಂದು ಮಾಮೂಲಿ ಟೈಮ್ ಇಟ್ಕೊಳಿ, ಅದರಿಂದ 45 ನಿಮಿಷ ಆಕಡೆ ಈಕಡೆ ಒಳಗಿದ್ರೆ ಟಿಕ್ ಹಾಕಿ. ಪಕ್ಕದಲ್ಲಿ ಮೂಡಿಗೆ ಒಂದು ನಂಬರು, ಮೈನಸ್ 5ರಿಂದ ಪ್ಲಸ್ 5. ನಾನು ಹಾಲಿನೋರ ಲೆಕ್ಕ ಬರೆಯೋ ಕ್ಯಾಲೆಂಡರಲ್ಲೇ ಬರೀತೀನಿ, ಅಡುಗೆಮನೆ ಗೋಡೆಗೆ ನೇತು ಹಾಕಿರತ್ತೆ, ಆಪ್ ಗೀಪ್ ಎಲ್ಲಾ ಟ್ರೈ ಮಾಡಿ ಬಿಟ್ಟೆ.

ಒಂದು ತಿಂಗಳು ಬರೆದ್ಮೇಲೆ ಥೆರಪಿಸ್ಟ್ ಜೊತೆ ಕೂತು ನೋಡಿದ್ರೆ ನಿಮಗೇ ಆಶ್ಚರ್ಯ ಆಗತ್ತೆ. ನಂಗೆ ಗೊತ್ತಾಗಿದ್ದು, ಪರೀಕ್ಷೆ ಪೇಪರ್ ತಿದ್ದೋ ವಾರ ಮಲಗೋದು ಒಂದೊಂದು ಗಂಟೆ ಮುಂದಕ್ಕೆ ಹೋಗತ್ತೆ, ಅದಾದ ನಾಲ್ಕೈದು ದಿನಕ್ಕೆ ಮೂಡ್ ಪ್ಲಸ್ 2 ಪ್ಲಸ್ 3 ಆಗತ್ತೆ, ಪ್ರತಿ ಸಲ. ಅಲ್ಲೀ ತನಕ ನಾನು ಪೇಪರ್ ಮುಗಿದ ಖುಷಿ ಅನ್ಕೊಂಡಿದ್ದೆ.

ನಮ್ಮ ಕಡೆ ನಿದ್ದೆಗೆಡೋಕೆ ಕಾರಣಗಳಿಗೇನೂ ಬರ ಇಲ್ಲ. ಶಿವರಾತ್ರಿ ಜಾಗರಣೆ, ಬೆಳಗಿನ ಜಾವ ನಾಲ್ಕೂವರೆ ಮುಹೂರ್ತದ ಗೃಹಪ್ರವೇಶ, ಛತ್ರದಲ್ಲಿ ಮದುವೆ ಹಿಂದಿನ ರಾತ್ರಿ, ಕರಾವಳಿ ಕಡೆಯವರಾದ್ರೆ ಬೆಳತನಕ ಯಕ್ಷಗಾನ, ಬೆಂಗಳೂರಲ್ಲಿ ಕಂಪನಿಯವರ ನೈಟ್ ಶಿಫ್ಟು, ಊರಿಗೆ ಹೋಗೋ ರಾತ್ರಿ ಬಸ್ಸು. ನಿದ್ದೆ ಕೆಡೋದು ಮೇನಿಯಾ ಬರೋ ಲಕ್ಷಣನೂ ಹೌದು, ಮೇನಿಯಾ ತರಿಸೋ ಕಾರಣನೂ ಹೌದು, ಎರಡೂ ಕಡೆಯಿಂದ ಹೊಡೆಯತ್ತೆ. ಹಂಗಂತ ಮನೇಲೇ ಕೂತ್ಕೊಳಿ ಅಂತಲ್ಲ. ಥೆರಪಿಯಲ್ಲಿ ಮಾಡೋದು ಏನಂದ್ರೆ ಮುಂದಿನ ತಿಂಗಳು ಏನೇನಿದೆ ಅಂತ ಮೊದಲೇ ನೋಡಿ ಪ್ಲಾನ್ ಹಾಕೋದು. ತಂಗಿ ಮದುವೆಗೆ ನಾನು ಹಿಂದಿನ ರಾತ್ರಿ 10ಕ್ಕೆ ಛತ್ರದಿಂದ ಎದ್ದು ಲಾಡ್ಜಿಗೆ ಹೋಗಿ ಮಲಗಿದೆ, ನಾಲ್ಕು ಜನ ಅಂದ್ಕೊಂಡ್ರು, ಅಂದ್ಕೊಳ್ಳಲಿ. ಶಿವರಾತ್ರಿಗೆ ಸಂಜೆ ಪೂಜೆ ಮುಗಿಸಿ ಕೈ ಮುಗಿದು ಮಲಗ್ತೀನಿ, ಶಿವ ಇವತ್ತಿನ ತನಕ ಏನೂ ಅಂದಿಲ್ಲ. ನೈಟ್ ಶಿಫ್ಟ್ ಮಾಡೋರು ಮಾತ್ರ ಡಾಕ್ಟ್ರ ಹತ್ರ ಲೆಟರ್ ತಗೊಂಡು ಡೇ ಶಿಫ್ಟಿಗೆ ಒದ್ದಾಡಲೇಬೇಕು, ಅದಕ್ಕೆ ಸುಲಭದ ದಾರಿ ನಂಗೆ ಗೊತ್ತಿಲ್ಲ.

ಪೂರ್ತಿ ಹುಷಾರಾಗೋ ತನಕ ಕಾಯದೆ ಶುರು ಮಾಡಬಹುದಾದ ಕೆಲಸ ಇದು. ಪಿಟ್ಸ್‌ಬರ್ಗಿನ ಸ್ಟಡಿಯಲ್ಲಿ, 175 ಜನ ಇದ್ರು, ಕಾಯಿಲೆ ಇನ್ನೂ ಇಳೀತಿರೋ ಹಂತದಲ್ಲೇ ದಿನಚರಿ ಥೆರಪಿ ಶುರು ಮಾಡಿದೋರು ಆಮೇಲೆ ಜಾಸ್ತಿ ದಿನ ಚೆನ್ನಾಗಿದ್ರು ಅಂತ 2005ರಲ್ಲಿ ಬರೆದಿದಾರೆ. ಆಸ್ಪತ್ರೆಯಿಂದ ಬಂದ ಮಾರನೇ ದಿನದಿಂದಲೇ ಎದ್ದ ಟೈಮು ಮಲಗಿದ ಟೈಮು ಬರೀತಾ ಹೋಗಿ, ಬರೆಯೋಕೆ ಆಗ್ಲಿಲ್ಲ ಅಂದ್ರೆ ಮನೆಯವರು ಬರೀಲಿ.

ಎರಡನೇದು: ನಿಮ್ಮದೇ ಮುನ್ಸೂಚನೆ ಪಟ್ಟಿ

ಗೂಗಲ್ ಮಾಡಿದ್ರೆ ಮೇನಿಯಾ ಲಕ್ಷಣ ಅಂತ ಒಂದು ಪಟ್ಟಿ ಸಿಗತ್ತೆ, ಅದು ಎಲ್ಲರಿಗೂ ಒಂದೇ. ಬೇಕಾಗಿರೋದು ಅದಲ್ಲ. ನಿಮಗೆ ಮಾತ್ರ ಆಗೋ, ನಿಮ್ಮ ಮನೆಯವರಿಗೆ ಮಾತ್ರ ಗೊತ್ತಾಗೋ ಚಿಕ್ಕ ಚಿಕ್ಕ ಬದಲಾವಣೆಗಳು ಬೇಕು, ಅದೂ ಪೂರ್ತಿ ಏರೋಕೆ ಎರಡು ಮೂರು ವಾರ ಮುಂಚಿನದು. 1999ರಲ್ಲಿ ಇಂಗ್ಲೆಂಡಿನ ಮ್ಯಾಂಚೆಸ್ಟರ್ ಕಡೆ 69 ಜನಕ್ಕೆ ಬರೀ ಇದನ್ನೇ ಕಲಿಸಿದ್ರು, 7ರಿಂದ 12 ಸಿಟಿಂಗು, ಸ್ವಂತ ಮುನ್ಸೂಚನೆ ಹಿಡಿಯೋದು, ಹಿಡಿದ ತಕ್ಷಣ ಡಾಕ್ಟ್ರಿಗೆ ಹೇಳೋದು, ಇಷ್ಟೇ. ಕಲಿಯದ ಗುಂಪಲ್ಲಿ ಕಾಲು ಭಾಗ ಜನಕ್ಕೆ ಮೇನಿಯಾ ಬರೋಕೆ 17 ವಾರ ಸಾಕಾಯ್ತು, ಕಲಿತ ಗುಂಪಲ್ಲಿ 65 ವಾರ ಹಿಡೀತು. ಆದ್ರೆ ಡಿಪ್ರೆಶನ್ ವಿಷಯದಲ್ಲಿ ಏನೂ ವ್ಯತ್ಯಾಸ ಆಗ್ಲಿಲ್ಲ, ಅದನ್ನೂ ಹೇಳ್ಬೇಕಲ್ಲ. ಡಿಪ್ರೆಶನ್ ಬರೋದು ಸಂಜೆ ಕತ್ತಲಾದಂಗೆ, ಯಾವ ಗಳಿಗೆಯಲ್ಲಿ ಆಯ್ತು ಅಂತ ಹೇಳೋಕಾಗಲ್ಲ.

ಪಟ್ಟಿ ಮಾಡೋದು ಹೇಗೆ: ಹಿಂದಿನ ಸಲ ಆಸ್ಪತ್ರೆಗೆ ಸೇರಿದ ದಿನದಿಂದ ಹಿಂದಕ್ಕೆ ಬನ್ನಿ. ಅದಕ್ಕೆ ಒಂದು ವಾರ ಮುಂಚೆ ಏನಾಗ್ತಿತ್ತು, ಎರಡು ವಾರ ಮುಂಚೆ, ಒಂದು ತಿಂಗಳು ಮುಂಚೆ. ನೆನಪಾಗಲ್ಲ ಅಂದ್ರೆ ವಾಟ್ಸಾಪ್ ತೆಗೆದು ನೋಡಿ, ಯಾವ ಟೈಮಲ್ಲಿ ಮೆಸೇಜ್ ಹಾಕಿದೀರ, ಎಷ್ಟುದ್ದ ಹಾಕಿದೀರ. ಬ್ಯಾಂಕ್ ಸ್ಟೇಟ್ಮೆಂಟ್ ನೋಡಿ. ಹೆಂಡತಿನೋ ಗಂಡನೋ ಅಣ್ಣನೋ ಯಾರಿದಾರೋ ಅವರನ್ನ ಕೂರಿಸ್ಕೊಂಡು ಕೇಳಿ, ಕೇಳೋವಾಗ ಬಾಯಿ ಹಾಕ್ಬೇಡಿ, ಇದು ಕಷ್ಟ, ನಂಗೊತ್ತು.

ನನ್ನ ಪಟ್ಟಿಯಲ್ಲಿ ಇರೋದು ಹೀಗೆ. ಅಲಾರಂ ಇಲ್ದೆ ನಾಲ್ಕು ಗಂಟೆಗೆ ಎದ್ದು ಸುಸ್ತೇ ಇಲ್ದಿರೋದು. ಹಳೇ ಸ್ಟೂಡೆಂಟುಗಳಿಗೆ ಫೋನ್ ಮಾಡೋದು. ಬೋರ್ಡ್ ಮೇಲೆ ಬರೆಯೋವಾಗ ಅಕ್ಷರ ದೊಡ್ಡದಾಗೋದು, ಇದನ್ನ ಕಂಡುಹಿಡಿದಿದ್ದು ನನ್ನ ಪಕ್ಕದ ಕ್ಲಾಸಿನ ಮೇಡಂ. ಕಾಫಿಗೆ ಸಕ್ಕರೆ ಜಾಸ್ತಿ ಹಾಕ್ಕೊಳ್ಳೋದು. ನನ್ನ ಹೆಂಡತಿ ಮಾತಾಡೋದು ನಿಧಾನ ಅನ್ಸೋದು. ಮತ್ತೆ ಎಲ್ಲಕ್ಕಿಂತ ಮುಖ್ಯ, ಈ ಮಾತ್ರೆ ನನ್ನ ಚುರುಕುತನ ತಿಂತಿದೆ ಅನ್ನೋ ಯೋಚನೆ ಬರೋದು. ಇಳಿಯೋ ಕಡೆ ಪಟ್ಟಿ ಚಿಕ್ಕದು: ಶೇವಿಂಗ್ ಬಿಡೋದು, ಪೇಪರ್ ಓದದೆ ಮಡಚಿಡೋದು, ಫೋನ್ ರಿಂಗಾದ್ರೆ ಉಲ್ಟಾ ಮಲಗಿಸೋದು.

ಪಟ್ಟಿಯಲ್ಲಿ ಎರಡು ಒಟ್ಟಿಗೆ ಎರಡು ದಿನ ಕಾಣಿಸ್ಕೊಂಡ್ರೆ ನಾನು ಏನ್ ಮಾಡ್ಬೇಕು ಅನ್ನೋದೂ ಬರೆದಿದೆ. ಸಂಜೆ ಕಾಫಿ ಬಂದ್. ಒಂಬತ್ತೂವರೆಗೆ ಲೈಟ್ ಆಫ್, ನಿದ್ದೆ ಬರ್ಲಿ ಬಿಡ್ಲಿ ಕತ್ತಲಲ್ಲಿ ಮಲಗಿರೋದು. ಹೊಸ ಕೆಲಸ ಒಪ್ಪಿಕೊಳ್ಳಂಗಿಲ್ಲ. ಮೂರು ಕಂಡ್ರೆ ಅಥವಾ ಒಂದು ರಾತ್ರಿ ನಾಲ್ಕು ಗಂಟೆಗಿಂತ ಕಮ್ಮಿ ನಿದ್ದೆ ಆದ್ರೆ ಮಾರನೇ ದಿನನೇ ಡಾಕ್ಟ್ರಿಗೆ ಫೋನು, ಅಪಾಯಿಂಟ್ಮೆಂಟ್ ದಿನಕ್ಕೆ ಕಾಯಂಗಿಲ್ಲ. ಅಂಥಾ ಸಮಯಕ್ಕೆ ಯಾವ ಮಾತ್ರೆ ಎಷ್ಟು ಜಾಸ್ತಿ ಮಾಡ್ಬೇಕು ಅಂತ ಕೆಲವು ಡಾಕ್ಟ್ರು ಮೊದಲೇ ಬರೆದು ಕೊಡ್ತಾರೆ, ಕೇಳಿ ಇಸ್ಕೊಳಿ, ನೀವೇ ಲೆಕ್ಕ ಹಾಕ್ಬೇಡಿ.

ದುಡ್ಡಿಗೆ ಬೀಗ

ಇದನ್ನ ಚಿಕ್ಕದಾಗಿ ಹೇಳ್ತೀನಿ, ಆದ್ರೆ ಚೇರ್ ತಗೊಂಡೋನ ಮಾತು, ಕೇಳಿ. ಸಿಬಿಟಿಯಲ್ಲಿ 48 ಗಂಟೆ ರೂಲ್ ಅಂತಿದೆ: ದೊಡ್ಡ ಖರ್ಚು, ದೊಡ್ಡ ನಿರ್ಧಾರ ಏನೇ ಬಂದ್ರೂ ಎರಡು ರಾತ್ರಿ ಮಲಗಿ ಎದ್ಮೇಲೆನೇ, ಅದೂ ನಂಬಿಕಸ್ಥರು ಇಬ್ಬರನ್ನ ಕೇಳಿದ್ಮೇಲೆನೇ. ನಿಜವಾಗ್ಲೂ ಒಳ್ಳೇ ಐಡಿಯಾ ಆಗಿದ್ರೆ ನಾಡಿದ್ದೂ ಒಳ್ಳೇದಾಗೇ ಇರತ್ತೆ. ರೂಲ್ ಜೊತೆಗೆ ಯುಪಿಐ ಲಿಮಿಟ್ ಇಳಿಸಿಡಿ, ಕ್ರೆಡಿಟ್ ಕಾರ್ಡ್ ಇದ್ರೆ ಮನೆಯವರ ಹತ್ರ ಕೊಡಿ, ಚೀಟಿ ದುಡ್ಡು ಒಡವೆ ಸೈಟಿನ ಪತ್ರ ಎಲ್ಲಾ ನಿಮ್ಮ ಒಬ್ಬರ ಕೈಗೆ ಸಿಗದಂಗೆ ಇಡಿ. ಹುಷಾರಾಗಿರೋವಾಗ ನೀವೇ ಇಟ್ರೆ ಅವಮಾನ ಅನ್ಸಲ್ಲ, ಏರಿದ್ಮೇಲೆ ಬೇರೆಯವರು ಕಿತ್ಕೊಂಡ್ರೆ ಜಗಳ, ಪೊಲೀಸು, ಎಲ್ಲಾ ಆಗತ್ತೆ.

ಮನೆಯವರ ಜೊತೆ ಒಪ್ಪಂದ

ನಮ್ಮ ಮನೆಗಳಲ್ಲಿ ಕಾಯಿಲೆ ಒಬ್ಬರಿಗೆ ಬರಲ್ಲ, ಮನೆಗೆ ಬರತ್ತೆ. ಆದ್ರೂ ಥೆರಪಿಗೆ ಮಾತ್ರ ಒಬ್ಬರನ್ನೇ ಕಳಿಸ್ತೀವಿ. ಅಮೆರಿಕದ ಡೇವಿಡ್ ಮಿಕ್ಲೋವಿಟ್ಜ್ ಅನ್ನೋರ ಫ್ಯಾಮಿಲಿ ಥೆರಪಿ ಒಂಬತ್ತು ತಿಂಗಳು, 21 ಸಿಟಿಂಗು, ಮೊದಲು ಎಲ್ಲರಿಗೂ ಕಾಯಿಲೆ ಪಾಠ, ಆಮೇಲೆ ಒಬ್ಬರಿಗೊಬ್ಬರು ಹೇಗೆ ಮಾತಾಡೋದು, ಕೊನೆಗೆ ಸಮಸ್ಯೆ ಬಂದ್ರೆ ಕೂತು ಬಗೆಹರಿಸೋದು. ಇಷ್ಟುದ್ದದ್ದು ಎಲ್ಲಾ ಕಡೆ ಸಿಗಲ್ಲ, ಆದ್ರೆ ಮನೆಯವರನ್ನ ಮೂರು ನಾಲ್ಕು ಸಿಟಿಂಗಿಗಾದ್ರೂ ಕರ್ಕೊಂಡ್ ಹೋಗಿ. ಮನೇಲಿ ಸದಾ ಚುಚ್ಚು ಮಾತು, ಸಿಡುಕು, ಇಲ್ಲಾ ಅತಿಯಾದ ಕಾವಲು ಇದ್ರೆ ಕಾಯಿಲೆ ಬೇಗ ಮರುಕಳಿಸತ್ತೆ ಅನ್ನೋದು ಹಳೇ ಕಂಡುಕೊಂಡ ವಿಷಯ.

ನಮ್ಮನೇಲಿ ದೊಡ್ಡ ಜಗಳ ಯಾವುದಕ್ಕೆ ಆಗ್ತಿತ್ತು ಅಂದ್ರೆ "ಮಾತ್ರೆ ತಗೊಂಡ್ರಾ?" ಅನ್ನೋ ಒಂದು ಪ್ರಶ್ನೆಗೆ. ನಾನು ಸ್ವಲ್ಪ ಜೋರಾಗಿ ನಕ್ರೆ ಮಾತ್ರೆ ತಗೊಂಡ್ರಾ, ಮಗನಿಗೆ ಬೈದ್ರೆ ಮಾತ್ರೆ ತಗೊಂಡ್ರಾ, ಸೊಸೈಟಿ ಎಲೆಕ್ಷನ್ ಬಗ್ಗೆ ವಾದ ಮಾಡಿದ್ರೂ ಮಾತ್ರೆ ತಗೊಂಡ್ರಾ. ನನ್ನ ಸಿಟ್ಟು ನನ್ನದಲ್ಲ, ಕಾಯಿಲೆದು ಅನ್ನೋ ಹಂಗೆ. ಇನ್ನೊಂದು ಕಡೆ ನನ್ನ ಹೆಂಡತಿ ಕೇಳದೇ ಇದ್ದ ತಿಂಗಳೇ ನಾನು ಬಿಟ್ಟಿದ್ದು, ಅವಳ ಭಯನೂ ಸುಳ್ಳಲ್ಲ. ಥೆರಪಿಸ್ಟ್ ಎದುರು ಕೂತು ಒಂದು ಒಪ್ಪಂದ ಆಯ್ತು: ದಿನಕ್ಕೆ ಒಂದೇ ಸಲ, ರಾತ್ರಿ ಊಟ ಆದ್ಮೇಲೆ, ನಾನೇ ಡಬ್ಬಿ ತೆಗೆದು ತೋರಿಸ್ಬೇಕು, ಅವಳು ಕೇಳಂಗಿಲ್ಲ. ಅನುಮಾನ ಬಂದ್ರೆ ಪಟ್ಟಿಯಲ್ಲಿರೋದನ್ನೇ ಹೆಸರು ಹೇಳಿ ಹೇಳ್ಬೇಕು, "ಎರಡು ದಿನದಿಂದ ನಾಲ್ಕಕ್ಕೆ ಏಳ್ತಿದೀರ" ಅಂತ, "ನೀವ್ಯಾಕೋ ಸರಿಯಿಲ್ಲ" ಅನ್ನಂಗಿಲ್ಲ. ಅವಳು ಹೆಸರು ಹೇಳಿದ್ರೆ ನಾನು ವಾದ ಮಾಡ್ದೆ ಡಾಕ್ಟ್ರಿಗೆ ಫೋನ್ ಮಾಡ್ಬೇಕು. ಆಮೇಲೆ ಅತ್ತೆ ಮಾವ ಚಿಕ್ಕಪ್ಪ ಪಕ್ಕದ ಮನೆಯವರು ಯಾರೂ ಈ ವಿಷಯಕ್ಕೆ ಬರಂಗಿಲ್ಲ, ಯಾರೋ ಗಾಳಿ ಸೋಕಿದೆ ಅಂದ್ರು ಅಂತ ತಾಯತ ಕಟ್ಸಿದ್ರೆ ಕಟ್ಟಿಸ್ಕೋತೀನಿ, ಮಾತ್ರೆ ನಿಲ್ಸಿ ಅಂದ್ರೆ ಮಾತ್ರ ಇಲ್ಲ.

ಕಾಗದದ ಮೇಲೆ ಇನ್ನೂ ಒಂದು ಕೆಲಸ ಇದೆ. 2017ರ ಮೆಂಟಲ್ ಹೆಲ್ತ್‌ಕೇರ್ ಆಕ್ಟ್ ಪ್ರಕಾರ, ನಂಗೆ ಬುದ್ಧಿ ಸ್ಥಿಮಿತದಲ್ಲಿಲ್ದೇ ಇದ್ದಾಗ ಯಾವ ಥರ ಟ್ರೀಟ್ಮೆಂಟ್ ಕೊಡಿ, ಯಾವ ಥರ ಕೊಡ್ಬೇಡಿ, ನನ್ನ ಪರವಾಗಿ ಯಾರು ನಿರ್ಧಾರ ಮಾಡ್ಬೇಕು ಅಂತ ಮೊದಲೇ ಬರೆದಿಡಬಹುದು. ಮುಂಗಡ ನಿರ್ದೇಶನ ಅಂತಾರೆ. ಎಮರ್ಜೆನ್ಸಿಯಲ್ಲಿ ಅದು ಲೆಕ್ಕಕ್ಕೆ ಬರಲ್ಲ, ಆದ್ರೂ ಬರೆಯೋಕೆ ಕೂತಾಗ ಮನೆಯವರ ಜೊತೆ ಆಗೋ ಮಾತುಕತೆನೇ ಅರ್ಧ ಥೆರಪಿ.

ಮಾತ್ರೆ ಪುಸ್ತಕ

ಥೆರಪಿಗೂ ಮಾತ್ರೆಗೂ ಸಂಬಂಧ ಏನಂದ್ರೆ, ಮಾತ್ರೆ ಬಿಡ್ಬೇಕು ಅನ್ಸೋ ಕಾರಣಗಳನ್ನ ಹೇಳ್ಕೊಳ್ಳೋಕೆ ಜಾಗ ಸಿಗೋದು ಥೆರಪಿಯಲ್ಲೇ. ಡಾಕ್ಟ್ರಿಗೆ ಐದು ನಿಮಿಷ ಟೈಮ್ ಇರತ್ತೆ, ಹೊರಗೆ ನಲವತ್ತು ಜನ ಕೂತಿರ್ತಾರೆ. ಕೈ ನಡುಗತ್ತೆ, ತೂಕ ಜಾಸ್ತಿ ಆಗಿದೆ, ಗಂಡ ಹೆಂಡ್ತಿ ವಿಷಯದಲ್ಲಿ ತೊಂದ್ರೆ ಆಗ್ತಿದೆ, ಮದುವೆಗೆ ಹುಡುಗಿ ಕಡೆಯವರು ಬಂದಾಗ ಡಬ್ಬಿ ಎಲ್ಲಿಡೋದು, ಇವೆಲ್ಲಾ ಥೆರಪಿಸ್ಟ್ ಹತ್ರ ಬಿಚ್ಚಿ ಹೇಳಿ, ಬರೆಸ್ಕೊಂಡು ಹೋಗಿ ಡಾಕ್ಟ್ರಿಗೆ ಕೊಡಿ. ಮಾತ್ರೆ ಬದಲಾಯಿಸಬಹುದು, ಡೋಸ್ ಇಳಿಸಬಹುದು. ಲಿಥಿಯಂ ಒಮ್ಮೆಲೇ ನಿಲ್ಸಿದ್ರೆ ಮಾತ್ರ ಮೇನಿಯಾ ಎದ್ದು ಬರೋ ಚಾನ್ಸ್ ತುಂಬಾ ಜಾಸ್ತಿ, ನನ್ನ ಚೇರುಗಳೇ ಸಾಕ್ಷಿ.

ಇನ್ನೊಂದು ನೋವಿದೆ, ಅದನ್ನ ಯಾರೂ ಕೇಳಲ್ಲ. ಆ ಏರಿದ ದಿನಗಳು ನೆನಪಾಗತ್ತೆ. ಆ ಬೆಳಕು, ಆ ಮಾತು, ಆ ಧೈರ್ಯ. ಈಗ ಇರೋದು ಸಪ್ಪೆ ಅನ್ಸತ್ತೆ. ಬಾಯಿಬಿಟ್ಟು ಇದನ್ನ ಹೇಳಿದ್ದು ನಾನು ಥೆರಪಿಯಲ್ಲೇ, ಎಂಟನೇ ಸಿಟಿಂಗೋ ಒಂಬತ್ತನೇದೋ, ಹೇಳಿ ಅತ್ತೆ. ಅದಾದ್ಮೇಲೆ ಮಾತ್ರೆ ಜೊತೆ ಜಗಳ ಕಮ್ಮಿ ಆಯ್ತು.

ಲಿಥಿಯಂ ತಗೊಳ್ಳೋರು ಒಂದು ಚಿಕ್ಕ ನೋಟ್‌ಬುಕ್ ಇಟ್ಕೊಳಿ. ರಕ್ತದಲ್ಲಿ ಲೆವೆಲ್ ನೋಡಿಸಿದ ದಿನ, ಎಷ್ಟು ಬಂತು, ಕಿಡ್ನಿ ಥೈರಾಯ್ಡ್ ರಿಪೋರ್ಟು. ಹಿಂದಿನ ಡೋಸ್ ತಗೊಂಡು 12 ಗಂಟೆ ಆದ್ಮೇಲೆ ರಕ್ತ ಕೊಡ್ಬೇಕು, ಬೆಳಿಗ್ಗೆ ಮಾತ್ರೆ ನುಂಗಿ ಲ್ಯಾಬಿಗೆ ಹೋದ್ರೆ ಲೆಕ್ಕ ತಪ್ಪತ್ತೆ. ಸಾಮಾನ್ಯವಾಗಿ 0.6ರಿಂದ 0.8 ಆಸುಪಾಸು ಇಡ್ತಾರೆ, ಕೆಲವರಿಗೆ 1ರ ತನಕ, 1.5 ದಾಟಿದ್ರೆ ವಿಷ. ಮೈಕೈ ನೋವಿಗೆ ಮೆಡಿಕಲ್ ಶಾಪಲ್ಲಿ ಕೇಳಿ ತಗೊಳ್ಳೋ ಐಬುಪ್ರೊಫೆನ್, ಡೈಕ್ಲೋಫೆನಾಕ್ ಲೆವೆಲ್ಲನ್ನ ಏರಿಸತ್ತೆ, ಬಿಪಿ ಮಾತ್ರೆ ಕೆಲವೂ ಏರಿಸ್ತಾವೆ, ಹಂಗಾಗಿ ಯಾವ ಡಾಕ್ಟ್ರ ಹತ್ರ ಹೋದ್ರೂ ಲಿಥಿಯಂ ತಗೋತಿದೀನಿ ಅಂತ ಮೊದಲೇ ಹೇಳಿ. ವಾಂತಿ ಭೇದಿ ಆದ್ರೆ, ರಾಯಚೂರು ಕಲಬುರಗಿ ಬಿಸಿಲಲ್ಲಿ ಬೆವರು ಸುರಿಸಿ ಕೆಲಸ ಮಾಡಿದ್ರೆ, ಇದ್ದಕ್ಕಿದ್ದಂಗೆ ಉಪ್ಪು ಬಿಟ್ರೆ, ನೀರೂ ಕುಡೀದೆ ಏಕಾದಶಿ ಮಾಡಿದ್ರೆ ಎಲ್ಲಾದ್ರಲ್ಲೂ ಲೆವೆಲ್ ಮೇಲೆ ಹೋಗಬಹುದು. ರಂಜಾನ್ ಉಪವಾಸ ಮಾಡೋರು ತಿಂಗಳು ಮುಂಚೆನೇ ಡಾಕ್ಟ್ರ ಹತ್ರ ಮಾತಾಡಿ, ನಿದ್ದೆ ಟೈಮೂ ಬದಲಾಗತ್ತಲ್ಲ. ಕೈ ಜೋರಾಗಿ ನಡುಗಿ, ನಾಲಗೆ ತೊದಲಿ, ನಡಿಗೆ ತೂರಾಡಿದ್ರೆ ಕುಡಿದಿದಾನೆ ಅನ್ಕೊಂಡು ಮಲಗಿಸ್ಬೇಡಿ, ಆಸ್ಪತ್ರೆಗೆ ಕರ್ಕೊಂಡ್ ಹೋಗಿ. ಹೆಣ್ಣುಮಕ್ಕಳು ಮಗು ಬೇಕು ಅನ್ಕೊಳ್ಳೋಕೆ ಮುಂಚೆನೇ ಕೇಳ್ಬೇಕು, ಆದ್ಮೇಲೆ ಅಲ್ಲ, ವಾಲ್ಪ್ರೊಯೇಟ್ ಹೊಟ್ಟೆಲಿರೋ ಮಗುಗೆ ಅಪಾಯ, ಹಂಗಂತ ನೀವೇ ನಿಲ್ಸಿದ್ರೂ ಅಪಾಯ, ಅದರ ಮೇಲೆ ಬಾಣಂತನದ ಮೊದಲ ವಾರಗಳು ಈ ಕಾಯಿಲೆಗೆ ಕೆಟ್ಟ ಕಾಲ, ರಾತ್ರಿ ಮಗು ನೋಡ್ಕೊಳ್ಳೋಕೆ ಬೇರೆಯವರು ಬೇಕೇ ಬೇಕು.

ಇಳಿದಾಗ

ಡಿಪ್ರೆಶನ್ ಕಡೆ ಥೆರಪಿ ನಿಧಾನ, ಆದ್ರೆ ಕೆಲಸ ಮಾಡತ್ತೆ. ಅಮೆರಿಕದಲ್ಲಿ 293 ಜನ ಬೈಪೋಲಾರ್ ಡಿಪ್ರೆಶನ್ನಲ್ಲಿರೋರಿಗೆ ಮಾತ್ರೆ ಜೊತೆ ಒಂಬತ್ತು ತಿಂಗಳು ಥೆರಪಿ ಕೊಟ್ಟಾಗ ವರ್ಷದೊಳಗೆ 64% ಜನ ಚೇತರಿಸ್ಕೊಂಡ್ರು, ಬರೀ ಮೂರು ಸಿಟಿಂಗ್ ಕೊಟ್ಟ ಗುಂಪಲ್ಲಿ 52%. ಮಾಡಿಸೋದು ಚಿಕ್ಕ ಕೆಲಸಗಳು, ಸ್ನಾನ ಮಾಡಿ ಬಿಸಿಲಲ್ಲಿ ಹತ್ತು ನಿಮಿಷ ಕೂರೋದು, ಅಂಗಡಿ ತನಕ ಹೋಗಿ ಕೊತ್ತಂಬರಿ ಸೊಪ್ಪು ತರೋದು. ಮನಸ್ಸು ಬಂದ್ಮೇಲೆ ಮಾಡ್ತೀನಿ ಅಂದ್ರೆ ಬರಲ್ಲ, ಮಾಡಿದ್ಮೇಲೆ ಸ್ವಲ್ಪ ಬರತ್ತೆ. ಈ ಹೊತ್ತಲ್ಲಿ ಮಾತ್ರೆ ಸ್ಟಾಕ್ ಮನೆಯವರ ಹತ್ರ ಇರಲಿ, ವಾರಕ್ಕೆ ಆಗೋಷ್ಟೇ ಡಬ್ಬಿಗೆ ಹಾಕಿ ಕೊಡ್ಲಿ. ಯಾಕೆ ಅಂತ ಬಿಡಿಸಿ ಹೇಳ್ಬೇಕಾಗಿಲ್ಲ, ಆದ್ರೆ ಹುಷಾರಾಗಿರೋವಾಗಲೇ ಮಾತಾಡಿಟ್ಕೊಳಿ. ಮತ್ತೆ ಮಾಮೂಲಿ ಡಾಕ್ಟ್ರು ಬರೀ ಡಿಪ್ರೆಶನ್ ಮಾತ್ರೆ ಬರೆದು ಕೊಟ್ರೆ ನಿಮ್ಮ ಸೈಕಿಯಾಟ್ರಿಸ್ಟನ್ನ ಕೇಳದೆ ಶುರು ಮಾಡ್ಬೇಡಿ, ಕೆಲವರನ್ನ ಅದು ನೇರ ಮೇಲಕ್ಕೆ ಎತ್ತಿ ಒಗೆಯತ್ತೆ.

ಎಷ್ಟು ದಿನ ಥೆರಪಿ ಅಂತ ಎಲ್ಲರೂ ಕೇಳ್ತಾರೆ. ನಂದು ಮೊದಲ ಆರು ತಿಂಗಳು ವಾರಕ್ಕೊಂದು, ಆಮೇಲೆ ತಿಂಗಳಿಗೊಂದು, ಈಗ ವರ್ಷಕ್ಕೆ ನಾಲ್ಕು ಸಲ, ಅದರಲ್ಲಿ ಒಂದು ಮಾರ್ಚಲ್ಲಿ, ಪೇಪರ್ ತಿದ್ದೋದು ಶುರುವಾಗೋಕೆ ಮುಂಚೆ. ಪ್ರತಿ ಸಲ ಪಟ್ಟಿ ತೆಗೆದು ಹೊಸದು ಏನಾದ್ರೂ ಸೇರಿಸೋದಿದ್ಯಾ ನೋಡ್ತೀವಿ. ಕಾಗದ ಬೀರು ಬಾಗಿಲ ಒಳಗಡೆ ಅಂಟಿಸಿದೆ, ಕೆಳಗೆ ನನ್ನ ಸೈನು, ನನ್ನ ಹೆಂಡತಿ ಸೈನು, ಡಾಕ್ಟ್ರ ನಂಬರು. ಹೋದ ವರ್ಷ ಗಣೇಶನ ಹಬ್ಬಕ್ಕೆ ಬೀದಿ ಹುಡುಗರು ಚೇರ್ ಕೇಳೋಕೆ ಬಂದಿದ್ರು, ಬಾಡಿಗೆ ಎಷ್ಟು ಸಾರ್ ಅಂದ್ರು. ಬಾಡಿಗೆ ಬೇಡ, ಒಂಬತ್ತೂವರೆಗೆ ಮೈಕ್ ಆಫ್ ಮಾಡಿ ಅಂದೆ. ಹತ್ತಕ್ಕೆ ಮಾಡಿದ್ರು. 45 ನಿಮಿಷದೊಳಗೇ ಇತ್ತು, ಟಿಕ್ ಹಾಕ್ದೆ.